ಲಾಂಡ್ರಿಯ ತುತ್ತೂರಿ ಬಿಚ್ಚಿದ ಗಂಟು

ತುತ್ತೂರಿ ಚಾಡಿಕೋರ ಹೆಂಗಸು. ಇದನ್ನು ಮೆದುಮಾಡಿ ಹೇಳಲು ಕಾರಣವೇನೂ ಇಲ್ಲ. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಅವಳ ಹೊಟ್ಟೆಯಲ್ಲಿ ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ; ಆ ಅಡ್ಡಹೆಸರು ಬಂದದ್ದೂ ಅದಕ್ಕೇ. ಈ ತೀರ್ಪು ಅವಳ ಓರಗಿತ್ತಿಯದು. ಒಂದೇ ಮನೆಯಲ್ಲಿ ಉಂಡು, ಒಂದೇ ಲಾಂಡ್ರಿಯಲ್ಲಿ ದುಡಿಯುತ್ತಿದ್ದ ಆ ಕಿರಿಯ ಸೊಸೆಗೆ ತೀರ್ಪು ಕೊಡುವಷ್ಟು ಅನುಭವ ಧಾರಾಳವಾಗಿತ್ತು.

ಲಾಂಡ್ರಿ ಎಂದರೆ ಬೀದಿ ಮೂಲೆಯ ಇಸ್ತ್ರಿ ಅಂಗಡಿಯಲ್ಲ. ಲಾಡ್ಜುಗಳ, ಆಸ್ಪತ್ರೆಗಳ ಬಟ್ಟೆ ಗಂಟುಗಟ್ಟಲೆ ಬಂದು ಬೀಳುವ ಉದ್ದನೆಯ ಶೆಡ್ಡು. ಒಂದು ತುದಿಯಲ್ಲಿ ಒಗೆಯುವ ಯಂತ್ರಗಳು, ನಡುವೆ ಒಣಗಿಸುವವು, ಇನ್ನೊಂದು ತುದಿಯಲ್ಲಿ ಬಿಸಿ ರೋಲರಿನ ಇಸ್ತ್ರಿ ಯಂತ್ರ. ತುತ್ತೂರಿ ಬಾಗಿಲ ಬಳಿ ದಪ್ಪ ಕೈಗವಸು ಹಾಕಿಕೊಂಡು ಗಂಟು ಬಿಚ್ಚಿ ಬಟ್ಟೆ ವಿಂಗಡಿಸುತ್ತಿದ್ದಳು. ಆಸ್ಪತ್ರೆ ಬಟ್ಟೆಯೊಳಗೆ ಏನು ಬೇಕಾದರೂ ಇರುತ್ತದೆ: ಸೂಜಿ, ಕತ್ತರಿ, ಒಮ್ಮೆ ಯಾರದೋ ಹಲ್ಲುಸೆಟ್ಟು. ಮಡಿಕೆ ಮಡಿಕೆಯನ್ನೂ ನೋಡಿ ನೋಡಿ ಅವಳ ಕಣ್ಣು ಹದ್ದಿನದಾಗಿತ್ತು. ಆ ಬಾಗಿಲಲ್ಲಿ ನಿಂತರೆ ಇಡೀ ಶೆಡ್ಡು ಕಾಣುತ್ತಿತ್ತು ಎಂಬುದು ಮಿಕ್ಕವರ ದುರದೃಷ್ಟ.

ಒಗೆಯುವ ಕಡೆಯವನೊಬ್ಬ ಕೈಗೆ ಸುಲಭವಾಗಲಿ ಎಂದು ಬ್ಲೀಚನ್ನು ಕುಡಿಯುವ ನೀರಿನ ಬಾಟಲಿಗೆ ಸುರಿದಿಟ್ಟುಕೊಂಡಿದ್ದ. ತುತ್ತೂರಿ ಅದನ್ನು ಊಟದ ಹೊತ್ತಿಗೆ ಎಲ್ಲರ ನಡುವೆ ಎತ್ತಿ ಹಿಡಿದು, "ಯಾರಿಗಾದ್ರೂ ಬಾಯಾರಿಕೆ ಆಗಿದ್ಯಾ? ಒಂದು ಗುಟುಕು ಸಾಕು, ಆಮೇಲೆ ಯಾವತ್ತೂ ಆಗಲ್ಲ" ಎಂದಳು. ಅಷ್ಟಕ್ಕೆ ಸುಮ್ಮನಾಗದೆ ನೆಟ್ಟಗೆ ಯಜಮಾನರ ಕೋಣೆಗೆ ಹೋದಳು. ಅವನಿಗೆ ಮಂಗಳಾರತಿಯಾಯಿತು. ಮರುದಿನದಿಂದ ಡಬ್ಬಿ ಡಬ್ಬಿಗೂ ಚೀಟಿ ಅಂಟಿಸಿದರು. ಬಾಟಲಿಗಳಿಗೆ ಹೆಸರು ಬಂತು, ತುತ್ತೂರಿಗೆ ಕೆಟ್ಟ ಹೆಸರು ಬಂತು.

ಒಣಗಿಸುವ ಯಂತ್ರದವನನ್ನು ಎಲ್ಲರೂ ಪೈಲ್ವಾನ ಎನ್ನುತ್ತಿದ್ದರು. ಒದ್ದೆ ಬಟ್ಟೆಯ ಗಂಟನ್ನು ಸೊಂಟ ಬಗ್ಗಿಸಿ, ಒಂದೇ ಏಟಿಗೆ ಎತ್ತಿ ಹೆಗಲಿಗೆ ಹಾಕಿಕೊಳ್ಳುವುದು ಅವನ ಹೆಮ್ಮೆ. ಪಕ್ಕದಲ್ಲೇ ಗಾಲಿಗಾಡಿ ಧೂಳು ಹಿಡಿದು ನಿಂತಿರುತ್ತಿತ್ತು.

"ಮಂಡಿ ಬಗ್ಗಿಸಿ ಎತ್ತೋ. ಇಲ್ಲಾಂದ್ರೆ ಗಾಡಿ ತಳ್ಳು. ಸೊಂಟ ನಿಮ್ಮಪ್ಪ ಇನ್ನೊಂದು ಕೊಡಿಸ್ತಾನಾ?" ಎಂದಳು ತುತ್ತೂರಿ.

"ನೀನು ಬಾಯಿ ಎತ್ತು, ನಾನು ಗಂಟು ಎತ್ತೀನಿ" ಎಂದ ಪೈಲ್ವಾನ. ಶೆಡ್ಡೆಲ್ಲ ನಕ್ಕಿತು.

ಅಂದು ಸಂಜೆಯೇ ತುತ್ತೂರಿ ತರಕಾರಿ ಅಂಗಡಿಯಲ್ಲಿ ಅವನ ಹೆಂಡತಿಗೆ ಎಲ್ಲ ಊದಿಬಿಟ್ಟಳು. ಆ ಹೆಂಗಸು ಗಂಡನ ಬೆನ್ನುನೋವಿಗೆ ಹಾಸಿಗೆಯೇ ಕಾರಣವೆಂದು ನಂಬಿ, ಚೆನ್ನಾಗಿದ್ದ ಹಾಸಿಗೆಯನ್ನು ತಂಗಿಗೆ ಕೊಟ್ಟು ಚಾಪೆಯ ಮೇಲೆ ಮಲಗುತ್ತಿದ್ದಳು. ಮರುದಿನ ಮಧ್ಯಾಹ್ನ ಲಾಂಡ್ರಿಯ ಬಾಗಿಲಿಗೇ ಬಂದು ಗಂಡನ ನೀರಿಳಿಸಿದಳು. ಅಂದಿನಿಂದ ಪೈಲ್ವಾನ ಗಾಡಿ ತಳ್ಳುತ್ತಾನೆ. ಮುಖ ಮಾತ್ರ ಹರಳೆಣ್ಣೆ ಕುಡಿದವರದು.

ಮನೆಯಲ್ಲೂ ಇದೇ ಪಾಡು. ಪಾತ್ರೆ ಒಡೆದವರು ಯಾರು, ಗ್ಯಾಸ್ ಆರಿಸಲು ಮರೆತವರು ಯಾರು ಎಂದು ಅತ್ತೆ ಬಾಯಿ ತೆರೆಯುವ ಮೊದಲೇ ಉತ್ತರ ಸಿದ್ಧ. ಕಿರಿಯವಳ ಮೈ ಉರಿಯುತ್ತಿದ್ದುದು ಸುಮ್ಮನೆ ಅಲ್ಲ.

ಆದರೆ ಅವಳ ಮೈ ನಿಜಕ್ಕೂ ಉರಿಯುತ್ತಿದ್ದುದು ಇಸ್ತ್ರಿ ಯಂತ್ರದ ಮುಂದೆ. ದಿನವಿಡೀ ಬಿಸಿ ರೋಲರಿನ ಬಾಯಿಗೆ ಬಟ್ಟೆ ಕೊಡುವ ಕೆಲಸ. ಮೊಣಕೈವರೆಗೆ ಬೆವರುಗುಳ್ಳೆ, ಸಂಜೆಯ ಹೊತ್ತಿಗೆ ಊದಿಕೊಳ್ಳುವ ಮಣಿಕಟ್ಟು, ಆಗಾಗ ಕಣ್ಣು ಕತ್ತಲೆ. ಯಂತ್ರದ ಆ ಬದಿಯಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ, ಬಂದ ಬಟ್ಟೆ ಮಡಿಸುತ್ತ ಕೂರುವವಳು ದೊಡ್ಡಕ್ಕ. ಇಸ್ತ್ರಿ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಆ ಕುರ್ಚಿಗೆ ಗಾಳಿ ಬರುತ್ತದೆ, ಆ ಕೈಗಳಿಗೆ ಗುಳ್ಳೆ ಬರುವುದಿಲ್ಲ. ದೊಡ್ಡಕ್ಕ ಈ ತಿಂಗಳು ಕೆಲಸ ಬಿಡುವವಳಿದ್ದಳು. ಅವಳ ಜಾಗಕ್ಕೆ ಬಟ್ಟೆ ಕೊಡುವ ಮೂವರಲ್ಲಿ ಒಬ್ಬಳನ್ನು ಕೂರಿಸುವುದಾಗಿ ಯಜಮಾನರು ಹೇಳಿದ್ದರು. ಕಿರಿಯವಳಿಗೆ ಕನಸಿನಲ್ಲೂ ಆ ಕಿಟಕಿಯೇ ಕಾಣುತ್ತಿತ್ತು.

ಅಡ್ಡಿಯಾಗಿದ್ದುದು ಕಂಬಿ. ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ಕಂಬಿಯಿದೆ. ಕೈ ತಾಗಿತೋ, ಯಂತ್ರ ತಕ್ಷಣ ನಿಲ್ಲುತ್ತದೆ. ಒಳ್ಳೆಯದೇ. ಆದರೆ ಅದರ ಸ್ಪ್ರಿಂಗು ಸೋತು ಹೋಗಿ, ದಪ್ಪ ಅಂಚಿನ ಬಟ್ಟೆ ಸವರಿದರೂ ನಿಲ್ಲತೊಡಗಿತ್ತು. ನಿಂತಾಗಲೆಲ್ಲ ಕಂಬಿಯನ್ನು ಹಿಂದಕ್ಕೆ ತಳ್ಳಿ, ಗುಂಡಿ ಒತ್ತಿ, ಮತ್ತೆ ಶುರುಮಾಡಬೇಕು. ಅದಕ್ಕೆ ಮೂವರೂ ಕಂಡುಕೊಂಡ ಉಪಾಯವೆಂದರೆ ಕಂಬಿಯನ್ನು ಬಟ್ಟೆಪಟ್ಟಿಯಿಂದ ಬಿಗಿದು ಕಟ್ಟಿಬಿಡುವುದು. ಕಟ್ಟಿದ ಮೇಲೆ ಯಂತ್ರ ಯಾವುದಕ್ಕೂ ನಿಲ್ಲದು, ಬೆರಳಿಗೂ ಸಹ. ತುತ್ತೂರಿ ಇದನ್ನು ಹಿಂದೆಯೇ ಊದಿದ್ದಳು. ಸ್ಪ್ರಿಂಗಿನ ಸಂಗತಿಯನ್ನೂ ಸೇರಿಸಿಯೇ ಊದಿದ್ದಳು. ಯಜಮಾನರು ಸ್ಪ್ರಿಂಗನ್ನು ನಾಳೆಗೆ ಬಿಟ್ಟು, ಬೈಗುಳವನ್ನು ಅಂದೇ ಮುಗಿಸಿದರು. "ಇನ್ನೊಂದು ಸಲ ಕಂಬಿ ಕಟ್ಟಿದವರು ಸಿಕ್ಕರೆ ಒದ್ದೆ ಬಟ್ಟೆ ಕಡೆಗೆ ಹೋಗ್ತೀರಿ, ಅಲ್ಲೇ ಇರ್ತೀರಿ" ಎಂದಿದ್ದರು.

ಒಂದು ಮುಂಜಾನೆ ಮನೆಯಲ್ಲಿ ಅತ್ತೆ ಹೂವಿನ ಚಿತ್ತಾರದ ದಿಂಬಿನ ಕವರನ್ನು ಎತ್ತಿ ಹಿಡಿದು ಕೂಗಿದರು. "ಇದರ ಅಂಚು ಹರಿದೋರು ಯಾರು?"

"ಚಿಕ್ಕವಳು" ಎಂದಳು ತುತ್ತೂರಿ, ತಟ್ಟೆಯಿಂದ ತಲೆ ಎತ್ತದೆ.

"ಅಕ್ಕಾ!"

"ಏನು ಅಕ್ಕಾ? ಹರಿದಿದ್ದು ನೀನಲ್ವಾ? ಯಾಕೆ ಹರಿದೆ ಅನ್ನೋದು ನಂಗೆ ಗೊತ್ತಿಲ್ಲ. ಗೊತ್ತಿದ್ರೆ ಅದನ್ನೂ ಹೇಳ್ತಿದ್ದೆ."

ಯಾಕೆಂದು ಬೇಗನೆ ಗೊತ್ತಾಯಿತು. ಲಾಂಡ್ರಿಯಲ್ಲಿ ಬೆಳಗಿನ ಟೀ ಮುಗಿಸಿ ತುತ್ತೂರಿ ಇಸ್ತ್ರಿ ಕಡೆಗೆ ಬಂದಾಗ ಕಿರಿಯವಳ ಮುಂದೆ ಬಟ್ಟೆ ಹೊಳೆಯ ಹಾಗೆ ಹರಿಯುತ್ತಿತ್ತು. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ತುತ್ತೂರಿ ಬಗ್ಗಿ ನೋಡಿದಳು. ಕಂಬಿಯ ತುದಿಯಲ್ಲಿ ಹೂವಿನ ಚಿತ್ತಾರದ ಪಟ್ಟಿ.

"ಬಿಚ್ಚು."

"ಅಕ್ಕ, ನಿನ್ನ ದಮ್ಮಯ್ಯ. ಈ ವಾರ ಯಾರ ರಾಶಿ ದೊಡ್ಡದು ಅಂತ ಯಜಮಾನರು ನೋಡ್ತಾರಂತೆ. ಇದೊಂದು ವಾರ ಬಾಯಿಗೆ ಬೀಗ ಹಾಕ್ಕೋ."

"ಬೆರಳು ಹೋದ್ಮೇಲೆ ಆ ಮೇಜಿನಲ್ಲಿ ಕೂತು ಮೂಗಿನಿಂದ ಮಡಿಸ್ತೀಯಾ?"

"ನನ್ನ ಬೆರಳು, ನಾನು ನೋಡ್ಕೋತೀನಿ. ನಿನಗೇನು ಹೊಟ್ಟೆಕಿಚ್ಚಾ?"

ತುತ್ತೂರಿ ಯಂತ್ರ ನಿಲ್ಲಿಸಿ, ಗಂಟನ್ನು ಹಲ್ಲಿನಿಂದ ಸಡಿಲಿಸಿ ಬಿಚ್ಚಿ, ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ಯಜಮಾನರ ಕೋಣೆಯತ್ತ ದಾಪುಗಾಲು ಹಾಕಿದಳು.

ಕಿರಿಯವಳಿಗೆ ಕಿಟಕಿ ಮುಚ್ಚಿದಂತೆ ಆಯಿತು. ಹೋದರೆ ಹೋಗಲಿ ಎಂದು ಯಂತ್ರ ಶುರುಮಾಡಿದಳು. ಸಿಟ್ಟಿನಲ್ಲಿ ಕೈ ಮೊದಲಿಗಿಂತ ಜೋರಾಗಿ ಓಡಿತು. ಆಸ್ಪತ್ರೆಯ ಗೌನುಗಳ ಸರದಿ. ಅವಕ್ಕೆ ಬೆನ್ನಿನಲ್ಲಿ ಉದ್ದನೆಯ ಲಾಡಿಗಳು. ರೋಲರಿಗೆ ಕೊಡುವ ಮೊದಲು ಲಾಡಿಯನ್ನು ಒಳಗೆ ಮಡಿಸಬೇಕೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಮಡಿಸಲಿಲ್ಲ. ಒಂದು ಲಾಡಿ ತೋರುಬೆರಳಿಗೆ ಸುತ್ತಿಕೊಂಡಿತು. ಗೌನು ಒಳಗೆ ಹೋಯಿತು, ಲಾಡಿ ಹಿಂದೆಯೇ ಹೋಯಿತು, ಬೆರಳೂ ಹೊರಟಿತು. ಅವಳು ಕೂಗಲಿಲ್ಲ; ಕೂಗಲು ಹೊತ್ತಿರಲಿಲ್ಲ. ಕೈ ಕಂಬಿಗೆ ಬಡಿಯಿತು. ಕಟಕ್ ಎಂದು ಯಂತ್ರ ನಿಂತಿತು. ಬೆರಳ ತುದಿ ಬಿಸಿ ರೋಲರನ್ನು ಮುಟ್ಟಿ ಚುರ್ ಎಂದಿತ್ತು, ಅಷ್ಟೇ.

ಅವಳು ಲಾಡಿ ಬಿಡಿಸಿಕೊಂಡು ಕೈಯನ್ನೇ ನೋಡುತ್ತ ನಿಂತಳು. ಬೆರಳುಗಳೆಲ್ಲ ಇದ್ದವು. ಯಂತ್ರದ ಆ ಬದಿಯಿಂದ ದೊಡ್ಡಕ್ಕ, "ಮತ್ತೆ ನಿಂತೋಯ್ತೇನೇ ಈ ಮುದಿ ಯಂತ್ರ?" ಎಂದು ಆಕಳಿಸಿದಳು.

ಅಷ್ಟರಲ್ಲಿ ಯಜಮಾನರು ಬಂದೇಬಿಟ್ಟರು. ಮುಂದೆ ತುತ್ತೂರಿ. ಅವಳು ಮೊದಲು ನೋಡಿದ್ದು ಯಂತ್ರವನ್ನಲ್ಲ, ಕೈಯನ್ನು. ಕಿರಿಯವಳ ತೋಳು ಹಿಡಿದು ದರದರ ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಹಿಡಿಸಿದಳು. "ನೀರು ಬಿಡ್ತಾನೇ ಇರು, ನಾನು ಸಾಕು ಅನ್ನೋವರೆಗೂ. ಎಣ್ಣೆ ಗಿಣ್ಣೆ ಹಚ್ಚಿದ್ಯೋ, ನೋಡು."

"ಬೆರಳು ಹೋಗ್ತಿತ್ತು ಅಕ್ಕ" ಎಂದಳು ಕಿರಿಯವಳು ಮೆಲ್ಲಗೆ.

"ಹೋಗ್ಲಿಲ್ವಲ್ಲ. ಸುಮ್ನಿರು."

ತುತ್ತೂರಿಯ ಬಾಯಲ್ಲಿ ಸುಮ್ಮನಿರು ಎಂಬ ಮಾತು! ಕಿರಿಯವಳು ಅದನ್ನು ಮೊದಲ ಸಲ ಕೇಳಿದ್ದು.

ಯಜಮಾನರು ಕಂಬಿಯನ್ನು ಅಲ್ಲಾಡಿಸಿ ನೋಡುತ್ತಿದ್ದರು. "ಕಂಬಿ ಕಟ್ಟಿದ್ದಾರೆ ಅಂದೆ. ಇದು ಬಿಚ್ಚೇ ಇದೆಯಲ್ಲ?"

"ನಾನೇ ಬಿಚ್ಚಿದೆ. ಅದಕ್ಕೇ ಈಗ ನಿಂತಿದ್ದು. ಇವಳ ಬೆರಳು ಕೈಯಲ್ಲೇ ಇರೋದೂ ಅದಕ್ಕೇ. ಆ ಸ್ಪ್ರಿಂಗು ಹಾಕಿಸಿ ಯಜಮಾನ್ರೇ. ಸುಮ್‌ಸುಮ್ನೆ ನಿಲ್ಲೋ ಯಂತ್ರ ಕೊಟ್ಟು, ರಾಶಿ ದೊಡ್ಡದು ಮಾಡಿ ಅಂದ್ರೆ ಇವರೇನು ಮಾಡ್ತಾರೆ? ಕಟ್ತಾರೆ."

"ನಾಳೆ ಮೆಕ್ಯಾನಿಕ್‌ನ ಕರೆಸ್ತೀನಿ."

"ಯಾವ ನಾಳೆ? ಹೋದ ಸಲ ಹೇಳಿದ್ದೂ ನಾಳೆನೇ. ಅದಿನ್ನೂ ದಾರಿಯಲ್ಲೇ ಇದೆ."

ದೊಡ್ಡಕ್ಕ ಕಿಸಕ್ಕನೆ ನಕ್ಕಳು. ಯಜಮಾನರು ಕಿವಿ ಕೆಂಪಗೆ ಮಾಡಿಕೊಂಡು ಅಲ್ಲೇ ಫೋನು ತೆಗೆದು ಮೆಕ್ಯಾನಿಕ್‌ಗೆ ಹೇಳಿದರು, ಮಧ್ಯಾಹ್ನದೊಳಗೆ ಬಂದುಬಿಡು ಎಂದು. ಅಲ್ಲಿಯವರೆಗೆ ಯಾರೂ ಯಂತ್ರ ಮುಟ್ಟಬಾರದು ಎಂದು ಇಸ್ತ್ರಿಯವರಿಗೂ ಹೇಳಿದರು. ಫೋನು ಜೇಬಿಗಿಟ್ಟ ಮೇಲೆ, ಮರೆತಿಲ್ಲವೆಂದು ತೋರಿಸುವವರಂತೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ಸರಿ. ಈಗ ಹೇಳು. ಕಟ್ಟಿದ್ದು ಯಾರು?"

ಬಟ್ಟೆ ಕೊಡುವ ಇನ್ನಿಬ್ಬರು ನೆಲ ನೋಡಿದರು. ಪೈಲ್ವಾನ ಗಾಡಿ ನಿಲ್ಲಿಸಿ ಕಿವಿ ನೆಟ್ಟಗೆ ಮಾಡಿದ. ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಕಿರಿಯವಳು ಒದ್ದೆ ಬಟ್ಟೆಯ ತುದಿಯತ್ತ ಒಮ್ಮೆ ನೋಡಿ, ಆಯಿತು, ಮುಗಿಯಿತು ಎಂದುಕೊಂಡಳು. ಬೆಳಿಗ್ಗೆ ಒಂದು ದಿಂಬಿನ ಕವರಿಗೆ ತನ್ನನ್ನು ಹಿಡಿದುಕೊಟ್ಟವಳು ಕಂಬಿಗೆ ಬಿಟ್ಟಾಳೆಯೇ? ಪಟ್ಟಿ ಇನ್ನೂ ತುತ್ತೂರಿಯ ಮುಷ್ಟಿಯಲ್ಲೇ ಇತ್ತು. ಬೆರಳ ಸಂದಿಯಿಂದ ಹೂವಿನ ಒಂದು ಎಸಳು ಇಣುಕುತ್ತಿತ್ತು.

"ನಿನ್ನನ್ನೇ ಕೇಳಿದ್ದು. ನಿನ್ನ ಕಣ್ಣಿಗೆ ಬೀಳದೆ ಇಲ್ಲಿ ಸೊಳ್ಳೆ ಹಾರಲ್ಲ."

"ವಯಸ್ಸಾಯ್ತು ಯಜಮಾನ್ರೇ, ಈಚೆಗೆ ಎಲ್ಲಾ ಕಾಣಿಸಲ್ಲ" ಎಂದಳು ತುತ್ತೂರಿ. ಆಮೇಲೆ ಅವರನ್ನೇ ನೋಡುತ್ತ, ಸಡಿಲವಾಗಿದ್ದ ತನ್ನ ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ಒಟ್ಟುಮಾಡಿ, ಹೂವಿನ ಚಿತ್ತಾರದ ಆ ಪಟ್ಟಿಯನ್ನು ಸುತ್ತಿ ಬಿಗಿಯಾಗಿ ಗಂಟು ಹಾಕಿದಳು. "ಯಂತ್ರದ ಹತ್ರ ಕೂದಲು ಬಿಟ್ಕೊಂಡು ಓಡಾಡಬಾರದು" ಎಂದು ಯಾರಿಗೋ ಹೇಳಿ, ತನ್ನ ಗಂಟುಗಳ ಕಡೆಗೆ ನಡೆದಳು.