ಖರೇ ಕಡೇ ಆಟ

"ಇಂದೇ ಕಡೇ ಆಟ" ಎನ್ನುವುದು ನಮ್ಮ ನಾಟಕ ಕಂಪನಿಯ ಅತಿ ದೊಡ್ಡ ಸುಳ್ಳು. ಊರಲ್ಲಿ ಟೆಂಟು ಹಾಕಿದ ಮೊದಲ ವಾರದಿಂದಲೇ ಅದನ್ನು ಶುರು ಹಚ್ಚಿಕೊಳ್ಳುತ್ತಿದ್ದೆವು. ಆಟೋಗೆ ಮೈಕು ಕಟ್ಟಿ, "ನೋಡದವರು ನೋಡ್ರಿ, ನೋಡಿದವರು ಮತ್ತೊಮ್ಮೆ ನೋಡ್ರಿ" ಎಂದು ಕೂಗುವುದು ನನ್ನ ಕೆಲಸ. ಮರುದಿನ ಅದೇ ಆಟೋದಲ್ಲಿ ಕೂತು, ಒಂದಿಷ್ಟೂ ನಾಚಿಕೆಯಿಲ್ಲದೆ, "ಪ್ರೇಕ್ಷಕರ ಒತ್ತಾಯದ ಮೇರೆಗೆ" ಎನ್ನುತ್ತಿದ್ದೆ. ಯಾರೂ ಒತ್ತಾಯ ಮಾಡಿರುತ್ತಿರಲಿಲ್ಲ.

ನಿಜವಾಗಿ ಊರು ಬಿಡುವ ದಿನ ಮಾತ್ರ ಆ ಮಾತನ್ನು ಆಡುತ್ತಿರಲಿಲ್ಲ. ಅದು ಮಾಲೀಕನಾದ ನಮ್ಮಪ್ಪನ ಕಟ್ಟಳೆ. ಕಡೇ ಆಟವನ್ನು ಕಡೇ ಆಟವೆಂದು ಬಾಯಿಬಿಟ್ಟು ಹೇಳಿದರೆ ಕಂಪನಿಗೇ ಅದು ಕಡೆಯಾಗುತ್ತದೆ ಎಂದು ಅವನಿಗೆ ಹೆದರಿಕೆ. ಹಾಗಾಗಿ ಆ ದಿನ ಮೈಕನ್ನೇ ಕಟ್ಟದೆ ಆಟ ಮುಗಿಸಿ, ಗಂಟುಮೂಟೆ ಕಟ್ಟಿ ಯಾದಗಿರಿಗೋ ಸುರಪುರಕ್ಕೋ ಹೊರಟುಬಿಡುತ್ತಿದ್ದೆವು.

ಕಂಪನಿ ಎಂದರೆ ಅವ್ವ. ಅಪ್ಪನದು ಸಾಹುಕಾರನ ಪಾರ್ಟು, ನನ್ನದು ಸೊಸೆಯದು, ಅವ್ವನದು ಗಯ್ಯಾಳಿ ಅತ್ತೆಯದು. ಮಂದಿ ಬರುತ್ತಿದ್ದುದು ಅತ್ತೆಯ ಬೈಗುಳ ಕೇಳಲಿಕ್ಕೆ. ಕರೆಂಟು ಹೋಗಿ ಮೈಕು ಬಂದಾದರೂ ಅವಳ ದನಿ ಕಟ್ಟಕಡೆಯ ಸಾಲಿಗೆ ಮುಟ್ಟುತ್ತಿತ್ತು. ಆ ದನಿ ಒಡೆಯತೊಡಗಿದಾಗ ಬಿಸಿನೀರು, ಜೇನು, ಶುಂಠಿ ಎಂದು ತಿಂಗಳುಗಟ್ಟಲೆ ಕಳೆದೆವು. ಕೊನೆಗೆ ಕಲಬುರಗಿಯ ಡಾಕ್ಟರು ಗಂಟಲಲ್ಲಿ ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಹೊರಗೆ ನೋಡುತ್ತಲೇ, "ಟೆಂಟ್ ತುಂಬಿದ್ದು ಒಂದ ಸಲ ನೋಡಬೇಕು. ಆಮ್ಯಾಲ ಡಾಕ್ಟರು ಏನರ ಮಾಡ್ಲಿ" ಎಂದಳು.

ಟೆಂಟು ತುಂಬುವುದೆಂದರೆ! ಎಲ್ಲರ ಅಂಗೈಯಲ್ಲೂ ಮೊಬೈಲು ಬಂದ ಮೇಲೆ ನಮಗೆ ಅರ್ಧ ಟೆಂಟು ತುಂಬಿದರೆ ಹಬ್ಬ. ಹೌಸ್‌ಫುಲ್ ಬೋರ್ಡು ಟ್ರಂಕಿನ ತಳದಲ್ಲಿ ಬಿದ್ದಿತ್ತು.

ಅವ್ವನನ್ನು ಆಪರೇಷನ್ನಿಗೆ ಒಯ್ಯುವ ಹಿಂದಿನ ದಿನ, ಶಹಾಪುರದಲ್ಲಿ ಬೆಳಿಗ್ಗೆ ಆಟೋ ಹತ್ತುವ ಮುಂಚೆ ಅಪ್ಪನನ್ನು ಕೇಳಿದೆ, "ಇವತ್ತ ಏನಂತ ಅನ್ಲಿ?"

ಅವನು ಟವೆಲಿನಿಂದ ಮೈಕು ಒರೆಸುತ್ತಲೇ ಇದ್ದ. ಒರೆಸುವಂಥ ಧೂಳೇನೂ ಇರಲಿಲ್ಲ. "ಖರೇದ ಅನ್ನು, ಕಡೇ ಆಟ ಅಂತ" ಎಂದ. "ಮಂದಿ ಬರ್ಲಿ. ಬಂದ್ರ ಸಾಕು."

ತನ್ನ ಕಟ್ಟಳೆಯನ್ನು ಅಪ್ಪ ತಾನೇ ಮುರಿದದ್ದು ಅದೇ ಮೊದಲು.

ಬಸ್‌ಸ್ಟ್ಯಾಂಡು, ಬಜಾರು, ಸುರಪುರ ರಸ್ತೆ, ಕೊಂಕಲ್ ಕಡೆಯ ಹಳ್ಳಿಗಳು, ಎಲ್ಲ ಕಡೆ ಕೂಗಿದೆ. "ಇಂದೇ ಕಡೇ ಆಟ, ಖರೇ ಕಡೇ ಆಟ ರೀ!" ಬಳೆ ಅಂಗಡಿಯ ಹೆಂಗಸು ನಕ್ಕಳು. "ಹೋದ ವಾರನೂ ಕಡೇ ಆಟ ಅಂದಿದ್ದಿ ಅಲ್ಲೇನ ತಂಗಿ?" ಚಹಾದ ಹೋಟೆಲಿನವರು ನನ್ನ ಜೊತೆಗೇ ದನಿ ಸೇರಿಸಿ ಕೂಗಿದರು. ಒಬ್ಬನಂತೂ, "ಪ್ರೇಕ್ಷಕರ ಒತ್ತಾಯ ನಾಳಿಗಿ ಅದೇನ್ರಿ?" ಎಂದ.

ಅವ್ವನ ಕಾಯಿಲೆ ಹೇಳುವ ಹಾಗಿರಲಿಲ್ಲ. "ರೋಗ ತೋರಿಸಿ ಮಂದಿ ಕೂಡಿಸಬ್ಯಾಡ್ರಿ, ನಗಾಕ ಬರ್ಲಿ" ಎಂದು ಆಣೆ ಮಾಡಿಸಿಕೊಂಡಿದ್ದಳು. ಇನ್ನೇನು ಹೇಳಲಿ? "ನಮ್ಮವ್ವನಾಣಿ ಖರೇ ರೀ" ಎಂದೆ. ಮೈಕಿನಲ್ಲೇ ಅತ್ತುಬಿಟ್ಟೆ. ಹೋಟೆಲಿನವರು ಚಪ್ಪಾಳೆ ತಟ್ಟಿದರು. "ಆ್ಯಕ್ಟಿಂಗ್ ಛಲೋ ಮಾಡ್ತಾಳ!" ಮೈಕನ್ನು ಅವರ ತಲೆಯ ಮೇಲೆ ಕುಕ್ಕಬೇಕು ಅನ್ನಿಸಿತು. ಅವರನ್ನು ಬೈಯಲಿಕ್ಕೂ ನನಗೆ ಮುಖವಿರಲಿಲ್ಲ. ನಂಬಬೇಡಿ ಎಂದು ಕಲಿಸಿದವರು ನಾವೇ.

ಮಧ್ಯಾಹ್ನದ ಆಟಕ್ಕೆ ಮುಂದಿನ ಎರಡು ಸಾಲು ತುಂಬಿತ್ತು, ಹಿಂದೆಲ್ಲ ಖಾಲಿ ಕುರ್ಚಿ. ಅವ್ವ ಪರದೆಯ ತೂತಿನಿಂದ ಇಣುಕಿದಳು. "ಬಿಸಲಿಗಿ ಬರಾಕಾಗಿಲ್ಲ ಬಿಡು" ಎಂದು ನನಗೇ ಸಮಾಧಾನ ಹೇಳಿ ರಂಗದ ಮೇಲೆ ಹೋದಳು. ಒಂದು ಮಾತನ್ನೂ ಬಿಡಲಿಲ್ಲ. ಸೊಸೆಯ ಏಳು ತಲೆಮಾರನ್ನು ಎಳೆದಾಡುವ ದೊಡ್ಡ ಬೈಗುಳದ ನಡುವೆ ದನಿ ತಟ್ಟನೆ ನಿಂತುಹೋಯಿತು. ತುಟಿ ಆಡುತ್ತಿತ್ತು, ಕೈ ಬೀಸುತ್ತಿತ್ತು, ಸದ್ದಿಲ್ಲ. ಮಂದಿ ಇದೂ ಕಾಮಿಡಿ ಎಂದುಕೊಂಡು ಬಿದ್ದು ಬಿದ್ದು ನಕ್ಕರು. ಆ ದನಿ ಮತ್ತೆ ಬರಲಿಲ್ಲ, ರಾತ್ರಿಯ ಆಟ ನಡೆಯಲಿಲ್ಲ.

ಮರುದಿನ ಟೆಂಟು ಬಿಚ್ಚಿ ಹಾಸಿದ್ದೆವು. ಅವ್ವ ಟ್ರಂಕಿನ ಮೇಲೆ ಕೂತು ಕಲಬುರಗಿಗೆ ಹೋಗುವ ಜೀಪಿನ ದಾರಿ ಕಾಯುತ್ತಿದ್ದಳು. ಆಗ ಒಂದರ ಹಿಂದೊಂದು ಟಂಟಂ ಆಟೋಗಳು ಬಂದು ಮೈದಾನದಲ್ಲಿ ನಿಂತವು. ಇಳಿದವರೆಲ್ಲ ಕೊಂಕಲ್ ಕಡೆಯ ಹೆಣ್ಣುಮಕ್ಕಳು. ಕಂಕುಳಲ್ಲಿ ಕೂಸು, ಕೈಯಲ್ಲಿ ರೊಟ್ಟಿಯ ಗಂಟು.

"ಟೆಂಟ್ ಯಾಕ ಬಿಚ್ಚೀರಿ?" ಎಂದು ಅವರಲ್ಲಿ ಹಿರಿಯಳೊಬ್ಬಳು ಕೇಳಿದಳು.

"ಆಟ ಮುಗೀತ್ರಿ ಯಕ್ಕಾ" ಎಂದೆ. "ನಿನ್ನಿನೇ ಕಡೇ ಆಟ ಇತ್ತು."

"ಹೌದು, ಮೈಕಿನ್ಯಾಗ ಕೇಳೀವಿ. ಅದಕ್ಕ ಇವತ್ತ ಬಂದೀವಿ. ಕಡೇ ಆಟಕ್ಕ ಗದ್ದಲ ಇರ್ತದ, ಮರುದಿನ ಆರಾಮ ಕುಂತು ನೋಡಬಹುದು." ಅವ್ವನ ಗುರುತು ಹಿಡಿದು ಮುಖ ಅರಳಿಸಿದಳು. "ನಿನ್ನ ಬೈಗುಳ ಕೇಳಸ್ಬೇಕಂತ ಓಣಿ ಓಣಿನೇ ಕರ್ಕೊಂಡ್ ಬಂದೀನಿ ಯವ್ವಾ!"

ಅವ್ವ ಎದ್ದು ನಿಂತಳು. ಅಷ್ಟೂ ಮಂದಿಯನ್ನು ಒಬ್ಬೊಬ್ಬರಾಗಿ ನೋಡಿದಳು. ಬಾಯಿ ತೆರೆದಳು. ಬರೀ ಉಸಿರು ಬಂತು. ಅವರೆಲ್ಲ ಗೊಳ್ಳೆಂದು ನಕ್ಕರು.

ಅವ್ವ ನನ್ನ ತೋಳು ಹಿಡಿದು, ನೀನಾದರೂ ಹೇಳು ಎನ್ನುವ ಹಾಗೆ ಮುಂದಕ್ಕೆ ತಳ್ಳಿದಳು.

"ಖರೇ ರೀ" ಎಂದೆ. "ಇದು ಖರೇನೇ ಕಡೇ ಆಟ ಆಗಿತ್ರಿ."

ಆ ಹೆಂಗಸು ಬೇವಿನ ಮರದ ಕೆಳಗೆ ಕೌದಿ ಹಾಸಿ, ತನ್ನವರನ್ನೆಲ್ಲ ಸಾಲಾಗಿ ಕೂಡಿಸುತ್ತಿದ್ದಳು. "ಗೊತ್ತದ ಬಿಡು ತಂಗಿ" ಎಂದಳು. "ನೀವು ನಿದಾನಕ್ಕ ಟೆಂಟ್ ಕಟ್ರಿ. ನಮಗೇನೂ ಅವಸರ ಇಲ್ಲ."