ಒಬ್ಬರ ಟೆಂಟಿಗೆ ಇಳಕಲ್ಲಿನ ಸೆರಗು

ನನ್ನ ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆಯನ್ನು ಅರ್ಧಕ್ಕೆ ತುಂಡರಿಸಿದ್ದು ಇಲಿಯೇ ಎಂದು ನನ್ನ ಹೆಂಡತಿ ನೀಲಮ್ಮ ಬಹಳ ದಿನ ನಂಬಿದ್ದಳು. ಪಾಪ, ಮೂಕಪ್ರಾಣಿಯ ಮೇಲೆ ಅಪವಾದ ಹೊರಿಸಿ ಸುಮ್ಮನಿರುವುದು ಸರಿಯಲ್ಲ. ಕತ್ತರಿಸಿದವನು ನಾನು. ಸೈಕಲ್ಲಿಗೆ ಗಂಟುಮೂಟೆ ಕಟ್ಟಿಕೊಂಡು ಊರೂರು ತಿರುಗಿ, ಸಂಜೆಯಾದಲ್ಲೇ ಟೆಂಟು ಹಾಕಿ ಮಲಗಬೇಕೆಂದು ಆಸೆಪಟ್ಟವನಿಗೆ ಒಂದೊಂದು ಗ್ರಾಂ ತೂಕವೂ ವೈರಿ. ನಮ್ಮ ಅಡುಗೆಮನೆಯ ತಕ್ಕಡಿಯ ಮೇಲೆ ನನ್ನ ಟವೆಲ್ಲು, ಲುಂಗಿ, ಚಪ್ಪಲಿ ಎಲ್ಲವೂ ಹತ್ತಿ ಇಳಿದಿವೆ. ಚಪ್ಪಲಿಯ ವಿಷಯ ಗೊತ್ತಾದ ದಿನ ನೀಲಮ್ಮ ತಕ್ಕಡಿಯನ್ನು ಮೂರು ಸಲ ತೊಳೆದಳು.

ಇಷ್ಟೆಲ್ಲ ಮಾಡಿಯೂ ಮುಖ್ಯವಾದ ಟೆಂಟನ್ನೇ ಆರಿಸಲು ನನಗೆ ಎಂಟು ತಿಂಗಳು ಹಿಡಿಯಿತು. ಹುನಗುಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು ನಾನು. ಕೋಷ್ಟಕ ಹಾಕದೆ ಉಪ್ಪನ್ನೂ ಕೊಳ್ಳುವವನಲ್ಲ. ಒಂದೇ ಪದರದ ಬಟ್ಟೆಯದು ಹಗುರ, ಆದರೆ ನಮ್ಮ ಉಸಿರೇ ಒಳಗೆ ಹನಿಯಾಗಿ ಮೂಗಿನ ಮೇಲೆ ಬೀಳುತ್ತದಂತೆ. ಎರಡು ಪದರದ್ದು ಬೆಚ್ಚಗೆ, ಆದರೆ ಭಾರ. ಗೂಟ ಬಡಿದು ನಿಲ್ಲಿಸುವುದೋ, ಕಡ್ಡಿ ಬಗ್ಗಿಸಿದರೆ ತಾನೇ ನಿಲ್ಲುವುದೋ? ಇದು ನಮ್ಮ ಸೀಮೆಯಲ್ಲಿ ಸಣ್ಣ ಪ್ರಶ್ನೆಯಲ್ಲ. ಬಾದಾಮಿಯ ಬಂಡೆಯೊಳಗೆ ಗೂಟ ಇಳಿಯುವುದಿಲ್ಲ. ಹುನಗುಂದದ ಎರೆ ಹೊಲದ ಬಿರುಕಿನೊಳಗೆ ಇಳಿದ ಗೂಟ ಮತ್ತೆ ಕೈಗೆ ಸಿಗುವುದಿಲ್ಲ. ಟೆಂಟು ಮಾಡುವವರು ಈ ಎರಡೂ ಊರು ನೋಡಿದಂತಿಲ್ಲ.

ನಮ್ಮ ಮನೆತನವನ್ನು ನೆನೆದರೆ ನನಗೇ ನಾಚಿಕೆ. ಬೀರಪ್ಪನ ಒಕ್ಕಲು ನಾವು. ನನ್ನ ಅಜ್ಜ ರಾಮಥಾಳದ ಆಚೆಯ ಬಯಲಿನಲ್ಲಿ ಕುರಿ ಹಿಂಡಿನ ಜೊತೆ ಆಯುಷ್ಯವೆಲ್ಲ ಹೊರಗೇ ಮಲಗಿದವನು. ಅವನ ಹತ್ತಿರ ಇದ್ದದ್ದು ಒಂದು ಕಂಬಳಿ. ಬಿಸಿಲಿಗೆ ಹೆಗಲ ಮೇಲೆ, ಮಳೆಗೆ ಕೊಪ್ಪೆಯಾಗಿ ತಲೆಯ ಮೇಲೆ, ಚಳಿಗೆ ಮೈಸುತ್ತ. ಯಾರಾದರೂ ಬಂದರೆ ಅದನ್ನೇ ಬಿಚ್ಚಿ ಹಾಸಿ, ತಾನು ಒಂದು ಅಂಚಿಗೆ ಸರಿದು, ‘ಬರ್ರಿ, ಕುಂಡರ್ರಿ’ ಅನ್ನುತ್ತಿದ್ದ. ಕಂಬಳಿ ಒಬ್ಬರದೋ ಇಬ್ಬರದೋ ಎಂದು ಅವನು ಯಾವತ್ತೂ ಯೋಚಿಸಿರಲಿಕ್ಕಿಲ್ಲ. ಇನ್ನು ಬಾದಾಮಿಯ ಬೆಟ್ಟವನ್ನೇ ಕೊರೆದು ದೇವರಿಗೆ ಮನೆ ಮಾಡಿದ ಹಿರಿಯರಂತೂ ತೂಕದ ಗೊಡವೆಗೇ ಹೋಗಲಿಲ್ಲ, ಹೊತ್ತು ತಿರುಗುವ ಮಾತೇ ಇರಲಿಲ್ಲವಲ್ಲ!

ನಾನು ಮಾತ್ರ ಸಿಕ್ಕಿಬಿದ್ದದ್ದು ಆ ಒಬ್ಬರದೋ ಇಬ್ಬರದೋ ಎಂಬಲ್ಲಿಯೇ. ಉಳಿದ ಕೋಷ್ಟಕವೆಲ್ಲ ನೆಪ. ಈಗ ದಸ್ತಗೀರನ ವಿಷಯ ಹೇಳಲೇಬೇಕು.

ದಸ್ತಗೀರ ಇಳಕಲ್ಲಿನ ಸಿಂಪಿಗ, ನನ್ನ ವಾರಿಗೆಯವ, ನನ್ನ ಸೈಕಲ್ ಜೊತೆಗಾರ. ಹತ್ತು ವರ್ಷ ಭಾನುವಾರವೆಂದರೆ ನಾವಿಬ್ಬರೂ ರಸ್ತೆಯ ಮೇಲೆ. ಕಮತಗಿಯಲ್ಲಿ ಚಹಾ, ತುಳಸಿಗೇರಿಯಲ್ಲಿ ಹನುಮಪ್ಪನ ಗುಡಿಯ ನೆರಳಲ್ಲಿ ಬುತ್ತಿ. ಟೆಂಟಿನ ಹುಚ್ಚು ಹತ್ತಿಸಿದವನೂ ಅವನೇ. ಅವನ ಹೆಂಡತಿ ಮೆಹಬೂಬಿ ಅವನ ಹೊಲಿಗೆ ಅಂಗಡಿಯ ಕಟ್ಟೆಯ ಮೇಲೆ ಕೂತು ನೇಕಾರರಿಗೆ ಸೀರೆಯ ಸೆರಗು ಕೂಡಿಸಿಕೊಡುತ್ತಿದ್ದಳು. ಇಳಕಲ್ ಸೀರೆಯಲ್ಲಿ ಒಡಲಿನ ನೂಲು ಬೇರೆ, ಸೆರಗಿನ ಕೆಂಪು ನೂಲು ಬೇರೆ. ಅದರ ಒಂದೊಂದು ಎಳೆಯನ್ನು ಇದರ ಒಂದೊಂದು ಎಳೆಯೊಳಗೆ ಕೊಂಡಿಯಂತೆ ಸಿಕ್ಕಿಸಬೇಕು, ಸಾವಿರಾರು ಎಳೆ. ನಾವು ಹೊರಡುವಾಗ ತಲೆ ಎತ್ತದೆಯೇ, ‘ಬಿಸಲಾಗ ಭಾಳ ದೂರ ಹೋಗಬ್ಯಾಡ್ರಿ’ ಅನ್ನುತ್ತಿದ್ದಳು.

ಹೋದ ವರ್ಷ ಮೆಹಬೂಬಿ ತೀರಿಕೊಂಡಳು. ದಸ್ತಗೀರ ಸೈಕಲ್ಲನ್ನು ಅಂಗಡಿಯ ಗೋಡೆಗೆ ನೇತುಹಾಕಿದ. ನಾನು ವಾರಕ್ಕೊಮ್ಮೆ ಹೋಗಿ ಮಳೆ, ಮಕ್ಕಳ ಮಾರ್ಕ್ಸು, ಮಾವಿನಕಾಯಿ ಎಲ್ಲ ಮಾತಾಡಿ ಬರುತ್ತಿದ್ದೆ. ‘ಬರ್ತೀಯೇನು’ ಎಂಬ ಒಂದು ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ಒಲ್ಲೆ ಅಂದರೆ? ಅನ್ನುತ್ತ ಅತ್ತುಬಿಟ್ಟರೆ? ಅವನ ಅಳುವಿಗೆ ಹೆದರಿ ನಾನು ಟೆಂಟಿನ ತೂಕ ನೋಡುತ್ತ ಕೂತೆ. ಕೊನೆಗೆ, ಅವನಿನ್ನು ಬರಲಿಕ್ಕಿಲ್ಲವೆಂದು ನಾನೇ ತೀರ್ಮಾನಿಸಿ, ಒಂದು ಕಿಲೋ ಕೂಡ ತೂಗದ, ಒಬ್ಬರು ಮಲಗುವ ಟೆಂಟು ತರಿಸಿದೆ.

ಅದರ ಜೊತೆ ಬಂದ ಚೀಲ ನನ್ನ ಹ್ಯಾಂಡಲ್ಲಿಗೆ ಸರಿಹೊಂದಲಿಲ್ಲ. ಬೇರೆ ಹೊಲಿಸಬೇಕಿತ್ತು. ಹೊಲಿಗೆ ಎಂದರೆ ನನಗೆ ಒಬ್ಬನೇ ಗೊತ್ತು. ಬುದ್ಧಿಯಿಲ್ಲದ ನಾನು ಅದನ್ನು ಅವನ ಮುಂದೆಯೇ ಒಯ್ದಿಟ್ಟೆ.

ದಸ್ತಗೀರ ಅಂಗಡಿಯ ಮುಂದೆ ಟೆಂಟು ಬಿಚ್ಚಿ ಹರವಿದ. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದ. ಆಮೇಲೆ ತೋಳಿನಿಂದ ಅದರ ಅಗಲ ಅಳೆದ.

“ಒಬ್ಬರದಾ?” ಅಂದ.

“ಭಾಳ ಹಗೂರ ಐತೋ,” ಅಂದೆ ನಾನು.

“ಹೂಂ. ಹಗೂರ ಐತಿ. ಇಟ್ಟು ಹೋಗು.”

ಚಹಾ ತರಿಸಲಿಲ್ಲ. ಹತ್ತು ವರ್ಷದಲ್ಲಿ ಅವನ ಅಂಗಡಿಯಿಂದ ನಾನು ಚಹಾ ಕುಡಿಯದೆ ಎದ್ದು ಬಂದದ್ದು ಅದೇ ಮೊದಲು. ಇಳಕಲ್ಲಿನಿಂದ ಹುನಗುಂದದವರೆಗೆ ಪೆಡಲು ತುಳಿದರೂ ಸೈಕಲ್ಲು ಮುಂದೆ ಹೋಗುತ್ತಿಲ್ಲವೆನಿಸಿತು.

ನೀಲಮ್ಮನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಅಂವ ಬರೂದಿಲ್ಲ ಅಂತ ನಿಮಗ ಯಾರ್ ಹೇಳ್ಯಾರ?” ಎಂದು ಕೇಳಿದಳು.

“ಯಾರೂ ಹೇಳಿಲ್ಲ.”

“ನೀವರ ಕೇಳೀರೇನು?”

“ಇಲ್ಲ.”

“ಮತ್ತ ಸಾಲ್ಯಾಗ ಹುಡುಗೂರಿಗೆ ಏನ್ ಕಲಸ್ತೀರಿ ನೀವು?” ಅಂದು ಮತ್ತೆ ರೊಟ್ಟಿ ಬಡಿದಳು. ನಾನು ಎರಡನೆಯ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದೆ.

ಫೋನು ಮಾಡಿದರೆ ಅವನು ಎತ್ತಲಿಲ್ಲ. ಎರಡು ದಿನ, ಮೂರು ದಿನ. ಸ್ನೇಹ ಮುರಿದೇ ಹೋಯಿತು ಅಂದುಕೊಂಡೆ. ಹಾಗಂದುಕೊಂಡು ಒಬ್ಬನೇ ಹಿತ್ತಲಲ್ಲಿ ಕೂತು ಅತ್ತೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯೇನಿಲ್ಲ. ಭಾನುವಾರ ಬೆಳಿಗ್ಗೆ ಎದ್ದವನೇ, ಕ್ಷಮೆ ಕೇಳಿ, ಬರ್ತೀಯೇನು ಎಂದೂ ಕೇಳಿಬಿಡುವುದೆಂದು ಇಳಕಲ್ಲಿಗೆ ಹೊರಟೆ.

ಅಂಗಡಿಯ ಮುಂದೆ ನನ್ನ ಟೆಂಟು ನಿಂತಿತ್ತು. ಅದರ ಬಾಗಿಲ ಮಗ್ಗುಲಿಗೆ ದೊಡ್ಡ ಕೆಂಪು ಬಟ್ಟೆಯೊಂದು ಚಪ್ಪರದಂತೆ ಚಾಚಿಕೊಂಡಿತ್ತು. ಅದರ ಆಚೆ ಅಂಚನ್ನು ದಸ್ತಗೀರ ಗೋಡೆಯಿಂದ ಇಳಿಸಿದ ತನ್ನ ಸೈಕಲ್ಲಿಗೆ ಕಟ್ಟಿದ್ದ. ಆ ಸೈಕಲ್ಲಿನ ಧೂಳು ಒರೆಸಿ ಚೈನಿಗೆ ಎಣ್ಣೆ ಬಿಟ್ಟಿದ್ದ.

ಹತ್ತಿರ ಹೋಗಿ ನೋಡಿದೆ. ಟೆಂಟಿನ ಅಂಚಿಗೊಂದು, ಕೆಂಪು ಬಟ್ಟೆಯ ಅಂಚಿಗೊಂದು, ಹೀಗೆ ಸಾಲಾಗಿ ದಾರದ ಕೊಂಡಿಗಳು. ಒಂದರೊಳಗೊಂದು ಸಿಕ್ಕಿಸಿ ಎರಡೂ ಬಟ್ಟೆಯನ್ನು ಕೂಡಿಸಿದ್ದ. ನಡುವೆ ಎಲ್ಲೂ ಗಂಟಿಲ್ಲ.

“ಮೂವತ್ತು ವರ್ಷ ಆಕಿ ಎದುರಿಗೆ ಕುಂತ ನೋಡೇನಿ, ಮಾಸ್ತರ,” ಅಂದ ದಸ್ತಗೀರ. “ಎಂದೂ ಕೈ ಹಚ್ಚಿದ್ದಿಲ್ಲ. ನಾಕ್ ದಿನ ಹಿಡೀತು. ಬಿಚ್ಚಿದೆ, ಹಾಕಿದೆ, ಬಿಚ್ಚಿದೆ.” ಕಣ್ಣು ತುಂಬಿದ್ದವು. ನಾನು ಹೆದರಿದ್ದ ಆ ಕಣ್ಣೀರು ಅವನ ಗಡ್ಡಕ್ಕಿಳಿಯಿತು. ಜಗತ್ತೇನೂ ಮುಳುಗಲಿಲ್ಲ, ನಾನು ಅವನ ಭುಜ ಹಿಡಿದು ನಿಂತೆ, ಅಷ್ಟೇ.

“ಕೆಂಪು ಬಟ್ಟೀನ ಯಾಕೋ?” ಎಂದೆ, ಏನಾದರೂ ಮಾತಾಡಬೇಕಲ್ಲ ಎಂದು.

“ಸೆರಗು ಮತ್ತ ಕೆಂಪ ಇರಬೇಕಲ್ಲ!” ಅಂದು ಮೂಗು ಒರೆಸಿಕೊಂಡ. “ಕಡೀ ಕೊಂಡಿ ಬಿಟ್ಟೇನಿ ನೋಡು. ಅದನ್ನ ನೀ ಹಾಕು.”

ಸಾಲಿನ ತುದಿಯಲ್ಲಿ ಒಂದು ಕೊಂಡಿ ಸಡಿಲವಾಗಿ ಜೋತಾಡುತ್ತಿತ್ತು. ಸಿಕ್ಕಿಸಿ ಬಿಗಿದೆ. ಆಮೇಲೆ, ಒಂದು ವರ್ಷ ತಡವಾಗಿ, ಕೇಳಿದೆ: “ದಸ್ತಗೀರ, ನೀ ಬರ್ತೀಯೇನು?”

“ಇಲ್ಲಂದ್ರ ಈ ಸೆರಗಿನ್ಯಾಗ ನಾಯಿ ಮಲಗಸ್ತೀಯೇನಲೇ?” ಅಂದ. ಚಹಾಕ್ಕೆ ಹೇಳಿ ಕಳಿಸಿದ.

ಈಗ ನಾವು ಐಹೊಳೆಯ ಮೇಲೆ ಹಾಯ್ದು ಬಾದಾಮಿಯವರೆಗೆ ಎರಡು ಸಲ ಹೋಗಿ ಬಂದಿದ್ದೇವೆ. ಟೆಂಟಿನೊಳಗೆ ಯಾರು, ಸೆರಗಿನ ಕೆಳಗೆ ಯಾರು ಎಂದು ಪ್ರತಿ ಸಲವೂ ಜಗಳ. ಇಬ್ಬರಿಗೂ ಸೆರಗೇ ಬೇಕು. ಒಬ್ಬನೇ ಹೋಗುವ ದಿನ ಅದನ್ನು ಬಿಚ್ಚಿಡಬಹುದಂತೆ. ಕಡೆಯ ಕೊಂಡಿ ಸಡಿಲಿಸಿ ಎಳೆದರೆ ಸಾಲಿಗೆ ಸಾಲೇ ಬಿಚ್ಚಿಕೊಳ್ಳುತ್ತದೆ ಎಂದು ಅವನು ಎರಡು ಸಲ ಮಾಡಿ ತೋರಿಸಿದ್ದಾನೆ. ನನಗೆ ಕಲಿಯಲಾಗಲಿಲ್ಲ ಎಂದು ಹೇಳಿದ್ದೇನೆ. ಸೆರಗು ಕೂಡಿದ ಮೇಲೆ ಟೆಂಟಿನ ತೂಕ ಎಷ್ಟಾಯಿತೋ, ತಕ್ಕಡಿಗೆ ಇಟ್ಟಿಲ್ಲ. ಮೊನ್ನೆ ನೀಲಮ್ಮ ನನಗೊಂದು ಹೊಸ ಬ್ರಷ್ಷು ತಂದಳು. ಅದರ ಹಿಡಿಕೆ ಉದ್ದವಿದೆ, ಹಾಗೇ ಬಿಟ್ಟಿದ್ದೇನೆ.