ಪೇಪರಿನ ಮೇಲೆ ಮಾತ್ರ

ಒದ್ದೆಯಾದ ಪೇಪರಿಗೆ ಒಂದು ವಾಸನೆ ಉಂಟು. ಮಸಿ, ಧೂಳು, ಅದರ ಮೇಲೆ ಸ್ವಲ್ಪ ಫಿನೈಲು. ಮೊನ್ನೆ ಮಗಳು ಒಂದು ನಾಯಿಮರಿ ತಂದು ಚಾವಡಿಯ ಮೂಲೆಯಲ್ಲಿ ಹಳೆಯ ಪೇಪರ್ ಹಾಸಿದಳು. ಮರಿ ಕೂತೆದ್ದ ಮೇಲೆ ನಾನೇ ಅದನ್ನು ಎತ್ತಿ ಮಡಚಿದೆ. ವಾಸನೆ ಮೂಗಿಗೆ ಬಡಿದದ್ದೇ ಬಹರೈನಿನ ಬುಸೈತೀನ್‌ನ ನಮ್ಮ ಬಾಡಿಗೆ ಕಟ್ಟಡ ಕಣ್ಣಿಗೆ ಬಂತು, ಎದುರು ಫ್ಲ್ಯಾಟಿನ ಅಕ್ಕ ಬಂದರು…

ತೊಂಬತ್ತರ ದಶಕದ ನಡುವಿನ ಮಾತು. ಬಹರೈನ್‌ನಲ್ಲಿ ನನ್ನದು ಹಳೆ ಸಾಮಾನಿನ ವ್ಯಾಪಾರ. ದೇಶ ಬಿಟ್ಟು ಹೋಗುವವರ ಮನೆಸಾಮಾನು ಪೂರ್ತಿ ಕೊಂಡು, ತೊಳೆದು ಒರೆಸಿ, ಹೊಸದಾಗಿ ಬಂದವರಿಗೆ ಮಾರುತ್ತಿದ್ದೆ. ಹೊರಟು ನಿಂತವರ ಹತ್ತಿರ ಮೊದಲು ಬೆಲೆ ಕೇಳಬಾರದು, ಟಿಕೆಟ್ ಯಾವತ್ತಿನದು ಎಂದು ಕೇಳಬೇಕು; ದಿನ ಹತ್ತಿರವಾದಷ್ಟೂ ಬೆಲೆ ಇಳಿಯುತ್ತದೆ. ಈ ವ್ಯಾಪಾರಕ್ಕೆ ಇಳಿಯುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು. ರಿಫಾದಲ್ಲಿ ಒಂದು ಇಂಗ್ಲಿಷ್ ಸಂಸಾರದ ಮನೆ ಖಾಲಿ ಮಾಡಿಸುತ್ತಿದ್ದೆ. ಫ್ರಿಜ್ಜಿನ ಬೆಲೆ ಇಳಿಸಿದ ಸಿಟ್ಟಿಗೋ ಏನೋ, ಆ ಹೆಂಗಸು ಕೊನೆಗೆ ಒಂದು ರಟ್ಟಿನ ಪೆಟ್ಟಿಗೆಯನ್ನು ನನ್ನ ಕೈಗಿಟ್ಟು, ಇದೂ ನಿಮಗೇ ಎಂದಳು. ಒಳಗೆ ಕಂದು ಬಣ್ಣದ ನಾಯಿಮರಿ.

ಅದನ್ನು ನೇರ ಅಕ್ಕನ ಮನೆಗೆ ಒಯ್ದದ್ದಕ್ಕೆ ಕಾರಣವಿತ್ತು. ಉಡುಪಿ ಕಡೆಯವರು ಅವರು. ಇದ್ದೊಬ್ಬ ಮಗ ಸ್ಕೂಲ್ ಬಸ್ಸಿನಿಂದ ಇಳಿದು ರಸ್ತೆ ದಾಟುವಾಗ ಕಾರಿಗೆ ಸಿಕ್ಕಿ ಹೋಗಿಬಿಟ್ಟಿದ್ದ. ಅಂದಿನಿಂದ ಅಕ್ಕ ಮಾತು ನಿಲ್ಲಿಸಿದ್ದರು. ಅಡುಗೆ ಮಾಡುತ್ತಿದ್ದರು, ಬಡಿಸುತ್ತಿದ್ದರು, ಮಾತು ಮಾತ್ರ ಇಲ್ಲ. ಅವರ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ. ಆಫೀಸು ಮುಗಿಸಿ ಬಂದವರು ಮನೆಯೊಳಗೆ ಹೋಗಲಾರದೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು.

ಪೆಟ್ಟಿಗೆಯಿಂದ ಇಳಿದದ್ದೇ ಮರಿ ಕಾರ್ಪೆಟ್ಟಿನ ಮೇಲೆ ಉಚ್ಚೆ ಹೊಯ್ದಿತು.

"ಅಲ್ಲಿ ಅಲ್ಲ ಮಾರಾಯಾ! ಇಡೀ ಕಾರ್ಪೆಟ್ ಹಾಳು ಮಾಡ್ತದಲ್ಲ ಇದು!"

ಬೈದವರು ಅಕ್ಕ. ಭಾವ ಅಡುಗೆಮನೆಯ ಬಾಗಿಲು ಹಿಡಿದುಕೊಂಡು ನಿಂತುಬಿಟ್ಟರು.

ಇನ್ನು ಕಟ್ಟಡದ ಮಾಲೀಕರನ್ನು ಒಪ್ಪಿಸಬೇಕಿತ್ತು. ಕೆಳಗಿನ ಮನೆಯಲ್ಲಿದ್ದ ಬಹರೈನಿ ಮುದುಕರು. ನಾವೆಲ್ಲ ಹಾಜಿ ಎನ್ನುತ್ತಿದ್ದೆವು. ಮಗು ರಸ್ತೆಯಲ್ಲಿ ಬಿದ್ದ ದಿನ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಒಯ್ದವರು ಅವರೇ. ಆದರೆ ನಾಯಿಯ ಉಚ್ಚೆ ತಾಗಿದ ಬಟ್ಟೆಯಲ್ಲಿ ನಮಾಜು ಮಾಡುವಂತಿಲ್ಲ. ನಾನು ಚೌಕಾಸಿಗೆ ಕೂತೆ.

"ಹಾಜಿ, ಅದು ನಾಯಿ ಅಲ್ಲ, ಔಷಧ. ಅಕ್ಕ ಬಾಯಿ ಬಿಟ್ರು."

"ಆ ಹಳೇ ಏಸಿ ನನಗೆ ಮಾರುವಾಗಲೂ ನೀನು ಹೀಗೇ ಏನೋ ಹೇಳಿದ್ದೆ," ಎಂದು ಅವರು ಹಿಂದಿಯಲ್ಲಿ ಹೇಳಿ ನಕ್ಕರು. ಕೊನೆಗೆ ಒಂದು ಷರತ್ತು ಹಾಕಿದರು. ಮೆಟ್ಟಿಲ ಮೇಲೆ ಒಂದು ಹನಿ ಕಂಡರೂ ಖಲಾಸ್, ನಾಯಿ ಹೊರಗೆ.

ಮೆಟ್ಟಿಲು ಇಳಿಸುವಂತಿಲ್ಲ, ಬೇಸಿಗೆಯ ಟೆರೇಸು ಕಾದ ಕಾವಲಿ. ಉಳಿದದ್ದು ಪೇಪರ್ ಒಂದೇ. ಮರಿ ಉಂಡ ಮೇಲೆ, ನಿದ್ದೆಯಿಂದ ಎದ್ದ ಮೇಲೆ ಅಕ್ಕ ಅದನ್ನು ಎತ್ತಿ ಪೇಪರಿನ ಮೇಲೆ ಬಿಡುತ್ತಿದ್ದರು. ಕಾಯುತ್ತಿದ್ದರು. ಸರಿಯಾಗಿ ಮಾಡಿತೋ, ಆ ಕ್ಷಣವೇ "ಶಾಭಾಸ್ ಮಗಾ!" ನಾಯಿ ಸಾಕುವವರು ಕೇಳಿ, ಹೊಡೆದರೆ ಅದು ಕದ್ದು ಮಾಡಲು ಕಲಿಯುತ್ತದೆ ಅಷ್ಟೆ. ಹೊಗಳಬೇಕು, ಹೊಗಳುವುದನ್ನು ತಡ ಮಾಡಬಾರದು. ಅಕ್ಕನಿಗೆ ಇದನ್ನು ಯಾರೂ ಹೇಳಿಕೊಡಲಿಲ್ಲ. 'ಮಗಾ' ಎಂದು ಅವರು ಮೊದಲು ಯಾರನ್ನು ಕರೆಯುತ್ತಿದ್ದರು ಎಂಬುದು ನಮಗೆಲ್ಲ ಗೊತ್ತಿತ್ತು. ಎದುರು ಬಾಗಿಲಿನಿಂದ ಆ ಕೂಗು ಕೇಳಿಸಿದಾಗಲೆಲ್ಲ ನನ್ನ ಹೆಂಡತಿ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳುತ್ತಿದ್ದಳು…

ಮಗು ಹೋಗಿ ವರ್ಷ ತುಂಬಿದ ದಿನ ಅಕ್ಕನೇ ಊಟಕ್ಕೆ ಕರೆದರು. ಭಾವನ ಆಫೀಸಿನ ನಾಲ್ಕೈದು ಜನ, ನಾನು, ಹಾಜಿ. ನೆಲದಲ್ಲಿ ಕೂತು ಉಣ್ಣುವಾಗ ತಟ್ಟೆಯ ಕೆಳಗೆ ಪೇಪರ್ ಹಾಸುವುದು ಗಲ್ಫಿನಲ್ಲಿ ನಮ್ಮವರಿಗೆಲ್ಲ ರೂಢಿ. ಉಂಡಾದ ಮೇಲೆ ಎಂಜಲು ಸಮೇತ ಸುತ್ತಿ ಬಿಸಾಡಿದರೆ ಮುಗಿಯಿತು. ಭಾವ ಮನೆಯಲ್ಲಿದ್ದ ಪೇಪರನ್ನೆಲ್ಲ ತಂದು ಕಾರ್ಪೆಟ್ಟಿನ ಮೇಲೆ ಉದ್ದಕ್ಕೆ ಹಾಸಿದರು. ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮರಿಯನ್ನು ಮಲಗುವ ಕೋಣೆಯಲ್ಲಿ ಕೂಡಿಹಾಕಿದ್ದರು. ಪಾಯಸ ಬಡಿಸುವ ಹೊತ್ತಿಗೆ ಯಾರೋ ಬಾತ್‌ರೂಮ್ ಎಂದು ಆ ಬಾಗಿಲು ತೆರೆದರು.

ಓಡಿ ಬಂತು. ಪಾಪ, ಎಷ್ಟು ಹೊತ್ತಿನಿಂದ ತಡೆದುಕೊಂಡಿತ್ತೋ. ಕಾರ್ಪೆಟ್ ದಾಟುವವರೆಗೂ ಒಂದು ಹನಿ ಬೀಳಿಸಲಿಲ್ಲ. ಪೇಪರ್ ಕಾಲಿಗೆ ಸಿಕ್ಕಿದ ಕೂಡಲೇ ಹಾಜಿಯ ತಟ್ಟೆಯ ಪಕ್ಕದಲ್ಲಿ ಕೂತು ಕೆಲಸ ಮುಗಿಸಿತು. ಹಾಜಿಯ ಬಿಳಿ ಉದ್ದಂಗಿಯ ಅಂಚು ಹಳದಿಯಾಯಿತು. ಮರಿ ತಲೆ ಎತ್ತಿ ಅಕ್ಕನ ಮುಖ ನೋಡಿತು.

"ಶಾಭಾಸ್ ಮಗಾ!"

ಅಕ್ಕನ ಬಾಯಿಂದ ತಾನಾಗಿಯೇ ಬಂತು. ಬಂದ ಮೇಲೆ ಸೌಟು ಹಿಡಿದ ಕೈ ಹಾಗೇ ನಿಂತಿತು. ಹಾಜಿ ಎದ್ದರು. "ಮಾಫಿ ಮುಶ್ಕಿಲ್," ಏನೂ ತೊಂದರೆಯಿಲ್ಲ ಎಂದು ಹೇಳಿ, ಅಂಗಿಯ ಅಂಚು ಎತ್ತಿ ಹಿಡಿದು ಮೆಟ್ಟಿಲಿಳಿದು ಹೋದರು. ಭಾವನ ಮುಖವನ್ನು ನೋಡಲಾಗಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹಾಜಿಯ ಬಾಗಿಲು ತಟ್ಟಿದೆ. ಹೊಸ ಷರತ್ತು, ಹೊಸ ಮಾತು ಎಲ್ಲ ತಯಾರಿತ್ತು. ಅವರು ಅಂಗಳದಲ್ಲಿ ಅದೇ ಅಂಗಿಯನ್ನು ಹಿಂಡಿ ಒಣಹಾಕುತ್ತಿದ್ದರು.

"ನಾಯಿ ತೆಗೀರಿ ಅಂತ ನಾನು ಹೇಳಿದೆನಾ? ಬಟ್ಟೆ ತೊಳೆದರೆ ಹೋಗ್ತದೆ. ಮೆಟ್ಟಿಲ ಮೇಲೆ ಮಾಡಿಲ್ಲವಲ್ಲ."

ಒಂದು ಮಾತೂ ಖರ್ಚಾಗದೆ ಗೆದ್ದ ಚೌಕಾಸಿ ಅದು. ಮೆಟ್ಟಿಲು ಹತ್ತಲು ತಿರುಗಿದರೆ ಭಾವ ಕಾರಿನ ಬೀಗದಕೈ ಹಿಡಿದು ಗೇಟಿನಲ್ಲಿ ನಿಂತಿದ್ದರು.

"ಬಿಟ್ಟು ಬಂದೆ," ಎಂದರು. "ರಿಫಾ ದಾಟಿ… ಮರಳಿನ ಕಡೆ. ಅವಳು ಏಳುವ ಮೊದಲು. ಹಾಜಿ ಬಾಯಿ ಬಿಟ್ಟು ಹೇಳುವವರೆಗೆ ಕಾಯುವುದಾ ಮಾರಾಯ್ರೆ, ನನ್ನ ಮಗನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವರು."

ಮೂವರೂ ಹಾಜಿಯ ಕಾರಿನಲ್ಲಿ ಹೋದೆವು. ಭಾವ ತೋರಿಸಿದ ಜಾಗದಲ್ಲಿ ಬಿಸಿಲು, ಕಲ್ಲು, ಟೈರಿನ ಗುರುತು. ಮರಿಗೆ ಹೆಸರೇ ಇಟ್ಟಿರಲಿಲ್ಲ. ಅದಕ್ಕೆ ಗೊತ್ತಿದ್ದ ಮಾತು ಒಂದೇ. ಅದನ್ನೇ ಕೂಗಿದೆವು. ಮರಳಿನ ನಡುವೆ ನಿಂತು ಹಾಜಿಯೂ ತಮ್ಮ ನಾಲಿಗೆಗೆ ಬಂದಂತೆ "ಸಾಬಾಸ್ ಮಗಾ, ಸಾಬಾಸ್ ಮಗಾ" ಎಂದು ಕೂಗುತ್ತಿದ್ದರು… ಸಿಗಲಿಲ್ಲ.

ಅಕ್ಕ ಏನೂ ಕೇಳಲಿಲ್ಲ. ಮತ್ತೆ ಮಾತೂ ಆಡಲಿಲ್ಲ. ಬೆಳಿಗ್ಗೆ ಮೂಲೆಯಲ್ಲಿ ಪೇಪರ್ ಹಾಸುತ್ತಿದ್ದರಂತೆ, ಸಂಜೆ ಒಣಗಿದ್ದನ್ನೇ ಎತ್ತಿ ಮಡಚಿಡುತ್ತಿದ್ದರಂತೆ. ಭಾವ ಅವರನ್ನು ಊರಿಗೆ ಕರೆದುಕೊಂಡು ಹೊರಟರು. ಸಾಮಾನು ನಾನೇ ಕೊಂಡೆ. ಟಿಕೆಟ್ ಯಾವತ್ತಿನದು ಎಂದು ಕೇಳಲಿಲ್ಲ. ಕೆಲವು ವರ್ಷಗಳ ನಂತರ ಅಕ್ಕ ತೀರಿಹೋದ ಸುದ್ದಿ ಬಂತು.

"ಪೇಪರ್ ಬೇಡ, ಮೊದಲ ದಿನದಿಂದಲೇ ಮಣ್ಣಿಗೆ ಬಿಡು," ಎಂದು ಮಗಳಿಗೆ ಹೇಳಿದೆ. "ಅಪ್ಪನ ಹತ್ತಿರ ಎಲ್ಲದಕ್ಕೂ ಒಂದು ಉಪದೇಶ ಉಂಟು," ಎಂದು ನಕ್ಕಳು. ಇವತ್ತು ಬೆಳಿಗ್ಗೆ ನಾನೇ ಮರಿಯನ್ನು ಎತ್ತಿಕೊಂಡು ಹೋಗಿ ತೆಂಗಿನ ಬುಡದಲ್ಲಿ ಬಿಟ್ಟೆ. ಸುತ್ತಿತು, ಮೂಸಿತು, ಕೂತಿತು. ಮುಗಿಸಿ ನನ್ನ ಮುಖ ನೋಡಿತು. ತಡ ಮಾಡಬಾರದು ಎಂದು ನನಗೆ ಗೊತ್ತು. ಬಗ್ಗಿ ಅದರ ತಲೆ ಸವರಿದೆ… ಅಕ್ಕನ ಆ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಅದು ನೋಡುತ್ತಲೇ ಇತ್ತು.